ತಪಾಸಣೆ ದಿನದ ವಿದ್ಯಾರ್ಥಿನಿ

ನಾಸಿಕ್ ರೋಡಿನ ಶಾಲೆಯ ಘನತೆವೆತ್ತ ಮುಖ್ಯೋಪಾಧ್ಯಾಯರಾದ ನರಹರಿ ಸಾಹೇಬರ ಸನ್ನಿಧಿಗೆ,

ಮಾನ್ಯರೇ, ತಮ್ಮ ಶಾಲೆಯ ಪಕ್ಕದ ಕಟ್ಟಡದಲ್ಲಿ ಗೌಂಡಿ ಕೆಲಸ ಮಾಡುವ, ಯಾದಗಿರಿ ಕಡೆಯ ಸಾಯಬಣ್ಣನ ಶರಣು ಶರಣಾರ್ಥಿ. ತಮಗೆ ಕನ್ನಡ ಬಾರದೆಂದು ಬಲ್ಲೆ. ಆದರೆ ತಮ್ಮ ಗೋಡೆಯ ಮೇಲೆ ಬರೆಸಿರುವ ಮಾರ್ಗದರ್ಶಿ ತತ್ವಗಳಲ್ಲಿ 'ಪ್ರತಿ ಮಗುವಿನ ಮಾತೃಭಾಷೆಗೂ ಗೌರವ' ಎಂಬುದೂ ಇರುವುದರಿಂದ ಧೈರ್ಯ ಮಾಡಿದ್ದೇನೆ. ಖುದ್ದಾಗಿ ಅರಿಕೆ ಮಾಡಿಕೊಳ್ಳೋಣವೆಂದರೆ ಗೇಟಿನವರು ಒಳಗೆ ಬಿಡುವುದಿಲ್ಲ; ಹಾಗಾಗಿ ಈ ಪತ್ರ ಬಹಿರಂಗವಾಗಿದೆ.

ತತ್ವಗಳು ಬಹಳ ಚೆನ್ನಾಗಿವೆ, ಸುಳ್ಳು ಹೇಳಬಾರದು. ಕಲಿಕೆ ಕಟ್ಟುನಿಟ್ಟಾಗಿರಬೇಕು, ಯಾವ ಮಗುವೂ ಹೊರಗುಳಿಯಬಾರದು, ಎಲ್ಲರೂ ಒಳ್ಳೆಯ ನಾಗರಿಕರಾಗಬೇಕು. ಅಕ್ಷರಗಳು ದೊಡ್ಡವಾಗಿರುವುದರಿಂದ ಹೊರಗುಳಿದ ಮಕ್ಕಳೂ ರಸ್ತೆಯಲ್ಲಿ ನಿಂತೇ ಓದಿಕೊಳ್ಳಬಹುದು.

ಇಲಾಖೆಯವರು ತಪಾಸಣೆಗೆ ಬರುವ ಸುದ್ದಿ ತಿಳಿದ ಕೂಡಲೇ ತಾವು ಸಿಪಾಯಿ ಅತುಲ್ ಅವರನ್ನು ನಮ್ಮ ಶೆಡ್ಡುಗಳಿಗೆ ಕಳಿಸಿ, ನನ್ನ ಮಗಳು ಮಹಾಲಕ್ಷ್ಮಿಯ ಸಮವಸ್ತ್ರಕ್ಕೆ ಅಳತೆ ತೆಗೆಸಿದಿರಿ. "ಅಂಗಿ ಅಳತಿ ತಗೊಂಡಾರಂದ್ರ ಸಾಲಿಗೆ ಹೆಸರು ಹಚ್ಚಿದಂಗ ಆತಲ್ರೀ" ಎಂದು ನನ್ನ ಹೆಂಡತಿ ಭಾಗವ್ವ ಎಲ್ಲರಿಗೂ ಸಕ್ಕರೆ ಹಂಚಿದಳು. ತಪಾಸಣೆಯ ದಿನ ಬೆಳಿಗ್ಗೆಯೇ ನಮ್ಮ ತಂಡ ಸಂಭಾಜಿನಗರದ ಹೊಸ ಕೆಲಸಕ್ಕೆ ಲಾರಿ ಹತ್ತಿತು. ಹಿಂದಿನ ಕೆಲಸದ ಊರಾದ ಘೋಟಿಯ ಶಾಲೆಯಲ್ಲಿ ಮೂರನೆಯ ಇಯತ್ತೆ ಅರ್ಧಕ್ಕೇ ಬಿಡಿಸಿ ತಂದ ಹುಡುಗಿ ಇಲ್ಲಾದರೂ ಪೂರಾ ಓದಲೆಂದು ನಾವು ಹತ್ತಲಿಲ್ಲ. "ತಲಿ ಕೆಟ್ಟೈತೇನೋ ನಿನಗ" ಎಂದು ಮೇಸ್ತ್ರಿ ಬೈದು ಹೋದರು.

ಆ ಹೊತ್ತಿಗೆ ನಮ್ಮ ಹುಡುಗಿ ಮೊದಲ ಬೆಂಚಿನಲ್ಲಿದ್ದಳು. ಬೀದಿ ನಲ್ಲಿ ಸುಮ್ಮನೆ ಸುರಿಯುತ್ತಿದ್ದರೆ ಏನು ಮಾಡುವೆ ಎಂದು ತಪಾಸಣೆಯ ಸಾಹೇಬರು ಕೇಳಿದರಂತೆ. ಬಂದ್ ಮಾಡುತ್ತೇನೆ, ಬಂದ್ ಆಗದಿದ್ದರೆ ನಮ್ಮ ಹೆಡ್‌ಮಾಸ್ತರಿಗೆ ಹೇಳುತ್ತೇನೆ ಎಂದು ಇವಳು ಮರಾಠಿಯಲ್ಲೇ ಉತ್ತರಿಸಿದಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಸಂಜೆ ಹಳೆಯ ಫ್ರಾಕಿನಲ್ಲೇ ಮರಳಿದಳು. ಸಮವಸ್ತ್ರವನ್ನು ಮುಂದಿನ ತಪಾಸಣೆಗೆಂದು ಮಡಿಚಿಟ್ಟುಕೊಂಡಿರಂತೆ. ಮರುದಿನ ನಾವು ಬಂದಾಗ ತರಗತಿಯಲ್ಲಿ ಜಾಗವಿಲ್ಲವೆಂದು ಗೇಟಿನಲ್ಲೇ ಹೇಳಿಸಿದಿರಿ. ಅಷ್ಟು ದೊಡ್ಡ ಬೆಂಚು ಒಂದೇ ರಾತ್ರಿಯಲ್ಲಿ ಹೇಗೆ ಭರ್ತಿಯಾಯಿತೋ, ತಮ್ಮ ಆಡಳಿತ ದಕ್ಷತೆ ದೊಡ್ಡದು.

ಮಗಳು ಈಗಲೂ ದಿನಾ ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡು ತಮ್ಮ ಗೇಟಿಗೆ ಬರುತ್ತಾಳೆ, ಒಳಗೆ ಪ್ರಾರ್ಥನೆ ಮುಗಿಯುವ ತನಕ ಹೊರಗೆ ಕೈಮುಗಿದು ನಿಂತಿರುತ್ತಾಳೆ.

ಆದ್ದರಿಂದ ಒಂದು ಸಣ್ಣ ವಿನಂತಿ. ತಪಾಸಣೆಯವರನ್ನು ಶಾಲೆಯಲ್ಲೇ ಕಾಯಂ ಇರಿಸಿಕೊಳ್ಳಿ. ತಮ್ಮ ಕೋಣೆಯಲ್ಲೇ ಒಂದು ಮಂಚ ಹಾಕಿಸಿ. ಅವರಿಗೆ ಎರಡು ಹೊತ್ತು ರೊಟ್ಟಿ, ಶೇಂಗಾ ಚಟ್ನಿ ಭಾಗವ್ವ ಕಳಿಸುತ್ತಾಳೆ. ಅವರು ಇರುವಷ್ಟು ದಿನ ನನ್ನ ಮಗಳು ಓದಿಕೊಳ್ಳುತ್ತಾಳೆ. ಇದು ಆಗದಿದ್ದರೆ ತತ್ವಗಳ ಕೆಳಗೆ 'ತಪಾಸಣೆಯ ದಿನ ಮಾತ್ರ' ಎಂದಾದರೂ ಬರೆಸಿ. ಏಣಿ ನಾನೇ ತರುತ್ತೇನೆ.

ಇಂತಿ, ತಮ್ಮ ಗೇಟಿನಾಚೆಯ ವಿಶ್ವಾಸಿ,
ಸಾಯಬಣ್ಣ

ತಾ.ಕ.: ಮೇಸ್ತ್ರಿ ಫೋನ್ ಮಾಡಿದ್ದರು. ಸಂಭಾಜಿನಗರದ ಕೆಲಸದ ಪಕ್ಕದಲ್ಲೂ ಒಂದು ಶಾಲೆ ಇದೆಯಂತೆ, ಅಲ್ಲೂ ಸದ್ಯದಲ್ಲೇ ತಪಾಸಣೆಯಂತೆ. ನಾಳೆ ಹೊರಡುತ್ತೇವೆ. ಮಹಾಲಕ್ಷ್ಮಿ ತಮ್ಮಲ್ಲಿ ಒಂದು ದಿನ ವಿದ್ಯಾರ್ಥಿನಿಯಾಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾಳೆಂದು ಒಂದು ಅನುಭವ ಪತ್ರ ದಯಪಾಲಿಸಿದರೆ, ಅಲ್ಲಿ ಅವಳಿಗೆ ಇನ್ನೊಂದು ದಿನದ ಶಾಲೆ ಸಿಕ್ಕೀತು.