ಮನೆಗೊಂದು ಪಂಪು

ಆ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲಿನ ಹಿಡಿಕೆ ತಿರುಗಿತೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ತಿರುಗಿತು ಎಂದೇ ನನ್ನ ನೆನಪು. ಆದರೆ ನೆನಪನ್ನು ನಂಬುವ ಮುಗ್ಧತೆಯನ್ನು ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುವಾಗಲೇ ಕಳೆದುಕೊಂಡವನು. ಊಟ ಮುಗಿಸಿ ಸೋಫಾದ ಮೇಲೆ ಒರಗಿದ್ದೆ. ಎಚ್ಚರವಾಗಿದ್ದೆ ಎಂದು ನಾನು ಹೇಳುತ್ತೇನೆ; ನಿದ್ದೆಯಲ್ಲಿದ್ದಾಗಲೂ ಇವರು ಹಾಗೆಯೇ ಹೇಳುವುದು ಎಂದು ಹೆಂಡತಿ ಶೈಲಜಾ ಹೇಳುತ್ತಾಳೆ. ಹಿಡಿಕೆ ಕೆಳಗಿಳಿಯಿತು, ಮೇಲೆ ಬಂತು, ಪುನಃ ಇಳಿಯಿತು. "ಕೌನ್ ಹೈ?" ಎಂದು ನಾನು ಗಡಸು ದನಿಯಲ್ಲಿ ಗದರಿದೆ. ಹೊರಗೆ ಚಪ್ಪಲಿಯ ಸದ್ದು ದೂರವಾಯಿತು. ಆಗ ಶೈಲಜಾ ಅಡುಗೆಮನೆಯಲ್ಲಿದ್ದಳೆಂದು ನನಗೆ ಚೆನ್ನಾಗಿ ನೆನಪಿದೆ. ಅವಳು ಮಾತ್ರ, ತಾನೂ ಮಗಳೂ ಆ ಹೊತ್ತಿನಲ್ಲಿ ಮನೆಯಲ್ಲೇ ಇರಲಿಲ್ಲ, ಮಗಳ ಗೆಳತಿಯ ಹುಟ್ಟುಹಬ್ಬಕ್ಕೆಂದು ಸಮುದ್ರದ ಬದಿಯ ಪಾರ್ಕಿಗೆ ಹೋಗಿದ್ದೆವು ಎನ್ನುತ್ತಾಳೆ.

ಬೇರೆ ಸಮಯದಲ್ಲಾಗಿದ್ದರೆ ಇದನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಆದರೆ ಮುಂದಿನ ವಾರ ನಾನು ತಾಯಿ ಮಗಳನ್ನು ಸೌದಿಯ ಥುಕ್ಬಾದ ಈ ಬಾಡಿಗೆ ಮನೆಯಲ್ಲಿ ಬಿಟ್ಟು, ದೇಶದ ಇನ್ನೊಂದು ಕೊನೆಯಲ್ಲಿರುವ ರಾಬಿಗ್‌ಗೆ, ರಿಫೈನರಿಯನ್ನು ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸಕ್ಕೆ ಹೊರಡಬೇಕಿತ್ತು. ಹೋಗಲೋ ಬೇಡವೋ ಎಂಬುದು ತಲೆಯಲ್ಲಿ ಕೊರೆಯತೊಡಗಿತು. ಊರಿನಲ್ಲಾದರೆ ಅಜ್ಜನ ಮನೆಯ ಗೋಡೆಯಲ್ಲಿ ಒಂದು ಕೋವಿ ನೇತಾಡುತ್ತಿತ್ತು. ಅದರಿಂದ ಯಾವ ಹಂದಿಯೂ ಸತ್ತದ್ದನ್ನು ನಾನು ಕಂಡಿಲ್ಲ, ಆದರೆ ಅದರ ಕೆಳಗೆ ಕುಳಿತ ಅಜ್ಜ ಮಾತ್ರ ಬಹಳ ಧೈರ್ಯವಾಗಿ ಮಾತಾಡುತ್ತಿದ್ದರು. ಮನೆ ಕಾಯುವವನಿಗೆ ಯಾವ ಕೋವಿ ಒಳ್ಳೆಯದು ಎಂದು ನೋಡುವುದರಲ್ಲಿ ತಪ್ಪೇನು ಎಂದುಕೊಂಡು ಫೋನ್ ತೆರೆದೆ.

ಅಮೆರಿಕದವರು ಈ ವಿಷಯದಲ್ಲಿ ನಾವು ಅಕ್ಕಿಯ ವಿಷಯದಲ್ಲಿ ಮಾತಾಡಿದಷ್ಟು ಮಾತಾಡುತ್ತಾರೆ. ಕಡಿಮೆ ಬೆಲೆಗೆ ಕೈಕೊಡದ ಕೋವಿ ಬೇಕೆಂದರೆ ಪಂಪ್ ಕೋವಿಯೇ ಸರಿ ಎಂಬುದು ಹೆಚ್ಚಿನವರ ಅಭಿಪ್ರಾಯ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟೆ ಹೊರಬಿದ್ದು ಹೊಸದು ಒಳಸೇರುತ್ತದೆ. ಕೈಯಿಂದಲೇ ನಡೆಯುವುದರಿಂದ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಮರದ ಹಿಡಿ ಚೆಂದ, ಪ್ಲಾಸ್ಟಿಕ್ಕಿನದು ಅಗ್ಗ. ಗಿಡ್ಡ ನಳಿಗೆಯಾದರೆ ಮನೆಯೊಳಗೆ ಮೂಲೆ ತಿರುಗುವಾಗ ಕಪಾಟಿಗೆ ತಾಗುವುದಿಲ್ಲ. ಹಿಡಿಯನ್ನೆಳೆಯುವ ಸದ್ದಿಗೇ ಕಳ್ಳ ಓಡಿಹೋಗುತ್ತಾನೆ ಎಂದು ಒಬ್ಬ ಬರೆದಿದ್ದ. ಓಡದೆ ನಿಂತ ಕಳ್ಳನ ಎದುರಿಗಿದ್ದವನು ವಿಮರ್ಶೆ ಬರೆಯಲು ಉಳಿದಿರಲಾರ ಎಂಬ ಸಂಶಯ ನನಗೆ ಬಂತು. ಇನ್ನೊಬ್ಬ, ಗುಂಡಿನ ಚೂರುಗಳು ತೆಳು ಗೋಡೆಯನ್ನು ದಾಟಿ ಆಚೆ ಹೋಗುತ್ತವೆ ಎಂದು ಎಚ್ಚರಿಸಿದ್ದ. ನಮ್ಮ ಹಾಲ್‌ನ ಗೋಡೆಯನ್ನು ಬಡಿದು ನೋಡಿದೆ. ಆಚೆಮನೆಯ ಈಜಿಪ್ಟಿನವರು ತಿರುಗಿ ಬಡಿದರು.

ಇಷ್ಟು ಓದಿದ ಮೇಲೆ ನಮ್ಮವರ ಅನುಭವವನ್ನೂ ಕೇಳೋಣ ಎನಿಸಿತು. ಮಂಗಳೂರು, ಉಡುಪಿ ಕಡೆಯವರದ್ದೇ ಒಂದು ವಾಟ್ಸ್ಆ್ಯಪ್ ಗುಂಪಿದೆ. ಆದರೆ ಸೌದಿಯಲ್ಲಿ ಇಕಾಮಾ ಎಂಬ ವಾಸದ ಪರವಾನಗಿ ಇಟ್ಟುಕೊಂಡು ಬದುಕುವವನು ಕೋವಿ ಎಂಬ ಪದವನ್ನು ಫೋನಿನಲ್ಲಿ ಬರೆಯುವುದುಂಟೇ? ನಾನು ಜಾಗ್ರತೆಯ ಮನುಷ್ಯ. ಆ ಪದವೊಂದನ್ನು ಬಿಟ್ಟು, "ಫ್ಯಾಮಿಲಿ ಇರುವ ಮನೆಗೆ ಕಡಿಮೆ ಬೆಲೆಯ, ನಂಬಬಹುದಾದ ಪಂಪ್ ಯಾವುದು? ಅನುಭವ ಇದ್ದವರು ತಿಳಿಸಿ" ಎಂದು ಬರೆದೆ.

ಉತ್ತರಗಳು ಸುರಿದವು. "ಇಟಲಿಯದ್ದು ತಗೊಳ್ಳಿ, ಚೀನಾದ್ದು ಬೇಡ" ಎಂದರು ಒಬ್ಬರು. ನಾನು ಓದಿದ್ದಕ್ಕೂ ಇದಕ್ಕೂ ತಾಳೆಯಾಯಿತು. "ಶಬ್ದ ಕಮ್ಮಿ ಇರುವುದು ನೋಡಿ, ಇಲ್ಲದಿದ್ರೆ ಪಕ್ಕದ ಮನೆಯವರು ಕಿರಿಕಿರಿ ಮಾಡ್ತಾರೆ" ಎಂದರು ಇನ್ನೊಬ್ಬರು. "ಖಾಲಿ ಓಡಿಸ್ಬೇಡಿ ಮಾರಾಯ್ರೆ, ಹಾಳಾಗ್ತದೆ" ಎಂದವರು ಬುರೈದಾದಲ್ಲಿ ಖರ್ಜೂರದ ವ್ಯಾಪಾರ ಮಾಡುವವರು. ಶಾಂತ ಸ್ವಭಾವದ ಈ ವ್ಯಾಪಾರಿಗಳು ಮನೆಯಲ್ಲಿ ಏನೆಲ್ಲ ಇಟ್ಟುಕೊಂಡಿದ್ದಾರಪ್ಪ ಎಂದು ನನಗೆ ಬೆರಗಾಯಿತು. ಅದಕ್ಕಿಂತ, ಒಬ್ಬರೂ ಆ ಪದವನ್ನು ಬಾಯಿಬಿಡಲಿಲ್ಲವಲ್ಲ ಎಂದು ನಮ್ಮವರ ಜಾಣತನದ ಬಗ್ಗೆ ಹೆಮ್ಮೆಯೂ ಆಯಿತು. "ಬಾತ್‌ರೂಮಿಗೆ ಬೇರೆಯೇ ಒಂದು ಇಟ್ರೆ ಒಳ್ಳೇದು" ಎಂಬ ಸಲಹೆ ಮಾತ್ರ ಸ್ವಲ್ಪ ಅತಿಯೆನಿಸಿತು. ಆದರೂ ಅಪಾಯ ಬಂದಾಗ ಚಿಲಕವಿರುವ ಕೋಣೆಗೆ ಸೇರಿಕೊಳ್ಳಿ ಎಂದು ಅಮೆರಿಕದವರೂ ಹೇಳಿದ್ದರಿಂದ ಅದನ್ನೂ ಒಪ್ಪಿಕೊಂಡೆ.

ಮರುದಿನ ಸಂಜೆ ಹಮೀದಣ್ಣ ಹೆಗಲ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತು ಬಂದರು. ಉಳ್ಳಾಲದವರು, ಆ ಗುಂಪಿನಲ್ಲಿರುವವರೇ, ನಮ್ಮ ಬೀದಿಯಲ್ಲೇ ಹಾರ್ಡ್‌ವೇರ್ ಅಂಗಡಿ. ಲಿಫ್ಟಿನಿಂದ ಇಳಿಯುತ್ತಲೇ ಕೂಗಿದರು. "ಶೆಟ್ರೆ, ನಿಮ್ಮ ಪಂಪ್ ತಂದೆ. ಎಲ್ಲಿ ಇಡ್ಲಿ?"

ನಾನು ಅವರನ್ನು ತೋಳು ಹಿಡಿದು ಒಳಗೆಳೆದು ಬಾಗಿಲು ಮುಚ್ಚಿದೆ. "ಮೆಲ್ಲ ಹೇಳಿ ಹಮೀದಣ್ಣ, ಹಾರಿಸ್ ಕೆಳಗೇ ಇದ್ದಾನೆ." ಹಾರಿಸ್ ಎಂದರೆ ನಮ್ಮ ಕಟ್ಟಡದ ಕಾವಲುಗಾರ.

"ಅವನೇ ಅಲ್ವಾ ಲಿಫ್ಟಿಗೆ ಹತ್ತಿಸಿ ಕೊಟ್ಟದ್ದು. ಎಂತಕ್ಕೆ ಇಷ್ಟು ಗುಟ್ಟು?"

"ತೋಟೆ ಸಮೇತ ತಂದಿರಾ?" ಎಂದು ಪಿಸುಗುಟ್ಟಿದೆ.

"ತೊಟ್ಟಿಯಾ? ಅದು ನಿಮ್ಮ ಟೆರೇಸಿನ ಮೇಲೆ ಉಂಟಲ್ಲ" ಎಂದು ಹಮೀದಣ್ಣ ಪೆಟ್ಟಿಗೆ ಬಿಚ್ಚಿದರು. ಒಳಗೆ ನೀಲಿ ಬಣ್ಣದ, ಇಟಲಿಯ, ನೀರೆತ್ತುವ ಪಂಪು.

ಹೇಳದೆ ವಿಧಿಯಿರಲಿಲ್ಲ. ಹಿಡಿಕೆ, ರಾಬಿಗ್, ಗಿಡ್ಡ ನಳಿಗೆ, ಎಲ್ಲವನ್ನೂ ಹೇಳಿದೆ. ಶೈಲಜಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹಮೀದಣ್ಣ ನಗಲಿಲ್ಲ, ಕುರ್ಚಿ ಎಳೆದು ಕುಳಿತರು. "ಕೋವಿ ಬಿಡಿ ಶೆಟ್ರೆ. ಇಕಾಮಾದವನ ಕೈಗೆ ಅದನ್ನು ಯಾರು ಕೊಡುದು? ಕೇಳಿದ್ದು ಗೊತ್ತಾದ್ರೆ ನಿಮಗೆ ವೀಸಾ ಕೊಟ್ಟ ಕಫೀಲ್ ಎಂತ ಹೇಳಿಯಾನು? ಕಳ್ಳ ಹೋಗುವ ಮೊದ್ಲು ನೀವು ಜೈಲಿಗೆ ಹೋಗ್ತೀರಿ. ಬಾಗಿಲಿಗೆ ಒಳಗಿಂದ ಚಿಲಕ ಉಂಟಾ?"

ಇರಲಿಲ್ಲ. ಕೋವಿಗಳ ಬಗ್ಗೆ ಅಷ್ಟು ಓದಿದವನು ಬಾಗಿಲನ್ನು ನೋಡಿರಲೇ ಇಲ್ಲ.

"ಇವರಿಗೆ ಎಂತ ಮರುಳು ನೋಡಿ ಹಮೀದಣ್ಣ. ಕೋವಿ ತಂದಿದ್ರೆ ನಾನು ಮಗುವನ್ನು ಕರ್ಕೊಂಡು ಮೊದಲ ವಿಮಾನ ಹತ್ತುತ್ತಿದ್ದೆ" ಎಂದಳು ಶೈಲಜಾ. ದನಿಯಲ್ಲಿ ತಮಾಷೆಯಿರಲಿಲ್ಲ. ಮನೆ ಉಳಿಸಲು ಹೊರಟವನಿಗೆ ಮನೆಯೇ ಖಾಲಿಯಾಗುವ ಸಂಭವ ಇದ್ದದ್ದು ಆಗ ತಿಳಿಯಿತು. ಹಮೀದಣ್ಣ ಚಿಲಕ ಹಾಕಿಕೊಟ್ಟರು, ತಂದದ್ದನ್ನು ಹಿಂದಕ್ಕೆ ಯಾಕೆ ಒಯ್ಯುವುದೆಂದು ಪಂಪನ್ನೂ ಕೂಡಿಸಿದರು. ನಾನು ರಾಬಿಗ್‌ಗೆ ಹೊರಟೆ.

ಅಲ್ಲಿಂದ ದಿನವೂ ಫೋನ್ ಮಾಡುತ್ತಿದ್ದೆ. ಒಂದು ದಿನ ಶೈಲಜಾ, "ಇವತ್ತು ಪುನಃ ಬಾಗಿಲು ಅಲ್ಲಾಡಿತು" ಎಂದಳು. ನಾನು ಎದ್ದು ನಿಂತೆ. "ಮತ್ತೆ?"

"ಮತ್ತೆ ಎಂತ, ತೆಗೆದೆ."

"ತೆಗೆದೆಯಾ?"

"ತೆಗೀದೆ ಗೊತ್ತಾಗುದು ಹೇಗೆ? ಮೇಲಿನ ಮನೆಯ ಹೈದರಾಬಾದಿನವರ ತಾಯಿ. ವಿಸಿಟ್ ವೀಸಾದಲ್ಲಿ ಬಂದದ್ದಂತೆ. ಎಲ್ಲಾ ಮಹಡಿಯೂ ಅವರಿಗೆ ಒಂದೇ ಹಾಗೆ ಕಾಣ್ತದೆ. ಚಾ ಕುಡಿದು ಹೋದರು."

ಸಮಾಧಾನವಾಯಿತು, ಪೂರ್ತಿಯಲ್ಲ. ಒಮ್ಮೆ ಬಂದವರೇ ಹಿಂದೆಯೂ ಬಂದಿದ್ದರು ಎನ್ನಲು ಆಧಾರವೇನು? ರಾಬಿಗ್‌ನಿಂದ ಮರಳಿದ ಮೇಲೆ, ಆ ಅಮ್ಮ ನಮ್ಮಲ್ಲಿಗೆ ಚಹಾಕ್ಕೆ ಬಂದಿದ್ದಾಗ ಕೇಳಿಯೇಬಿಟ್ಟೆ. ಅವರಿಗೆ ಚೆನ್ನಾಗಿ ನೆನಪಿತ್ತು. ಶುಕ್ರವಾರ, ಮಗ ನಮಾಜಿನಿಂದ ಬಂದು ಉಂಡು ಮಲಗಿದ ಮೇಲೆ ಕಸ ಹಾಕಲು ಕೆಳಗಿಳಿದಿದ್ದರಂತೆ. ವಾಪಸು ಬಂದು ಬಾಗಿಲು ತಿರುಗಿಸಿದರೆ ಒಳಗಿನಿಂದ ಯಾರೋ ಚೀರಿದರಂತೆ. "ಅಂದರ್ ಕೋಯಿ ಔರತ್ ಥೀ ಬೇಟಾ, ಬಹುತ್ ಡರೀ ಹುಯೀ" ಎಂದರು. ಪಾಪ, ಒಂಟಿ ಹೆಂಗಸು, ಇನ್ನಷ್ಟು ಹೆದರಿಸುವುದು ಬೇಡ ಎಂದು ಸುಮ್ಮನೆ ಹೊರಟುಹೋದರಂತೆ.

"ನೋಡು, ನೀನು ಅಡುಗೆಮನೆಯಲ್ಲೇ ಇದ್ದದ್ದು" ಎಂದು ನಾನು ಗೆದ್ದವನಂತೆ ಶೈಲಜಾಳ ಕಡೆ ತಿರುಗಿದೆ. ಅವಳು ತನ್ನ ಫೋನನ್ನು ನನ್ನ ಮುಂದಿಟ್ಟಳು. ಕೇಕು, ಮಕ್ಕಳು, ಹಿಂದೆ ಸಮುದ್ರ. ಚಿತ್ರ ತೆಗೆದ ದಿನವನ್ನೂ ಹೊತ್ತನ್ನೂ ನೋಡಿದೆ. ಅಷ್ಟಕ್ಕೆ ಬಿಡುವವನಲ್ಲವಾದ್ದರಿಂದ ಹುಟ್ಟುಹಬ್ಬದ ಹುಡುಗಿಯ ತಂದೆಗೂ ಫೋನ್ ಮಾಡಿ ವಿಚಾರಿಸಿದೆ. ಆ ಮಧ್ಯಾಹ್ನ ನಮ್ಮ ಮನೆಯೊಳಗೆ ಇದ್ದದ್ದು ನಾನೊಬ್ಬನೇ.