ಜರ್ಮನಿಯಿಂದ ಬಂದ ಪತ್ರವನ್ನು ನಾನೇ ಓದಿದೆ

ಪುತ್ತೂರಿನಲ್ಲಿ ವಕೀಲಿ ಮಾಡುತ್ತಿದ್ದ ನನಗೆ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಭಾರತದ ಕಾನೂನೆಲ್ಲ ಕಲಿತು ಮುಗಿಯಿತೆಂಬ ಭ್ರಮೆ ಬಲಿತಿತ್ತು. ಇನ್ನು ಜರ್ಮನಿಯದನ್ನೂ ಮುಗಿಸಿಬಿಡೋಣ ಎಂದುಕೊಂಡೆ. ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಕೀಲರಿಗೆಂದೇ ಜರ್ಮನ್ ಕಾನೂನಿನ ಎಲ್‌ಎಲ್‌.ಎಂ. ಇತ್ತು. ಅರ್ಜಿಯಲ್ಲಿ ಜರ್ಮನ್ ಭಾಷೆ ಬಲ್ಲಿರಾ ಎಂದು ಕೇಳಿದ್ದರು. 'ಉತ್ತಮವಾಗಿ' ಎಂದು ಜರ್ಮನ್‌ನಲ್ಲೇ ಬರೆದೆ. ಆಗ ನಾನು 'ಮೂವತ್ತು ದಿನಗಳಲ್ಲಿ ಜರ್ಮನ್' ಕಲಿಸುವ ಪುಸ್ತಕದ ನಾಲ್ಕನೆಯ ದಿನದಲ್ಲಿದ್ದೆ.

ಕೆಲವು ತಿಂಗಳಲ್ಲಿ ಉತ್ತರ ಬಂತು, ಜರ್ಮನ್‌ನಲ್ಲೇ. ಗಂಭೀರವಾಗಿ ಓದಿದೆ. ನನ್ನ ಹೆಸರು ಅರ್ಥವಾಯಿತು. ಎರಡನೆಯ ಸಾಲಿನಲ್ಲಿ 'ಲೀಡರ್' ಎಂದಿತ್ತು. ನೋಡಿದೊಡನೆ ನಾಯಕನನ್ನು ಗುರುತಿಸುವ ದೇಶ! ನನ್ನ ಪ್ರಮಾಣಪತ್ರಗಳನ್ನೂ ಜೋಪಾನವಾಗಿ ಹಿಂದಿರುಗಿಸಿದ್ದರು. ಎಂಥ ಪ್ರಾಮಾಣಿಕ ಜನ!

ಹೆಂಡತಿ ಸುಮತಿ ಕಾಗದವನ್ನು ಹಿಂದುಮುಂದು ನೋಡಿದಳು.

"ಸೀಟು ಉಂಟು ಅಂತ ಎಲ್ಲಿ ಬರೆದದ್ದು?"

ಜರ್ಮನ್ ಬಾರದವರಿಗೆ ವಿವರಿಸಿ ಪ್ರಯೋಜನವಿಲ್ಲ ಎಂದೆ.

ಮರುವಾರವೇ ನನ್ನ ಕೇಸುಗಳನ್ನೆಲ್ಲ ಪಕ್ಕದ ಕೋಣೆಯ ವಕೀಲ ವಿಶ್ವನಾಥ ರೈಗೆ ದಾನ ಮಾಡಿದೆ. ನ್ಯಾಯಾಧೀಶರ ಮುಂದೆ ಎದ್ದರೆ ತನ್ನ ಹೆಸರನ್ನೇ ಮರೆಯುವ ಆಸಾಮಿ, ಪಾಪ, ಬದುಕಿಕೊಳ್ಳಲಿ ಎಂದು.

ವಕೀಲರೆಲ್ಲ ಸೇರಿ ಬೀಳ್ಕೊಡುಗೆ ಇಟ್ಟರು. ಜರ್ಮನ್ ಬಲ್ಲ ಅತಿಥಿಯೊಬ್ಬರು ಇರಲೆಂದು ಕಬಕದಿಂದ ಒಬ್ಬ ನಿವೃತ್ತ ಪಾದ್ರಿಯನ್ನು ಕರೆಸಿದ್ದರು. ಹಾರ ಹಾಕಿಸಿಕೊಂಡ ನಾನು, ಜರ್ಮನಿಯವರು ನನ್ನನ್ನು ಲೀಡರ್ ಎಂದು ಕರೆದಿರುವುದನ್ನು ಸವಿನಯವಾಗಿ ತಿಳಿಸಿ, ಪತ್ರವನ್ನು ಪಾದ್ರಿಗಳ ಕೈಗಿತ್ತು, ಸಭೆಗೆ ಕನ್ನಡದಲ್ಲಿ ಹೇಳಬೇಕೆಂದು ವಿನಂತಿಸಿದೆ.

ಅವರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಇಲ್ಲಿಯೇ ಹೇಳಬೇಕಾ ಎಂದು ಮೆಲ್ಲಗೆ ಕೇಳಿದರು.

"ಹೇಳಿ ಮಾರಾಯ್ರೆ, ಎಲ್ಲ ನಮ್ಮವರೇ," ಎಂದೆ.

"ಇದು ಲೀಡರ್ ಅಲ್ಲ, ಲೈಡರ್. ವಿಷಾದದಿಂದ ತಿಳಿಸುದು ಅಂತ ಅರ್ಥ. ನಿಮ್ಮ ಅರ್ಜಿ ತಿರಸ್ಕಾರ ಆಗಿದೆ. ನಿಮಗೆ ಜರ್ಮನ್ ಬರುದಿಲ್ಲ ಅಂತ ಬರೆದಿದ್ದಾರೆ."

ಯಾರೂ ನಗಲಿಲ್ಲ. ಸುಸಂಸ್ಕೃತರು, ಜಗಲಿಗೆ ಹೋಗಿ ನಕ್ಕರು.

ಸೋಮವಾರ ಹಾರದ ಗುರುತು ಅಳಿಸಿಕೊಂಡು, ಕೇಸುಗಳನ್ನು ವಾಪಸು ಕೇಳಲು ರೈ ಕೋಣೆಗೆ ಹೋದೆ. ಅವನು ಉದಾರಿ. ಕಕ್ಷಿದಾರರು ಒಪ್ಪಿದರೆ ಈಗಲೇ ತೆಗೆದುಕೊಂಡು ಹೋಗಿ ಎಂದ. ಅಲ್ಲಿಯೇ ರಾಮಕುಂಜದ ಸಂಕಪ್ಪಣ್ಣ ಕುಳಿತಿದ್ದರು. ಅವರ ಗಡಿ ತಕರಾರನ್ನು ನಾನು ವರ್ಷಾನುಗಟ್ಟಲೆ ವಾಯಿದೆಯ ಮೇಲೆ ವಾಯಿದೆ ಕೇಳಿ ಕಾಪಾಡಿಕೊಂಡು ಬಂದಿದ್ದೆ. ಜರ್ಮನಿಗೆ ಹೋಗುವುದಿಲ್ಲ, ಇನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಅಭಯ ಕೊಟ್ಟೆ.

ಸಂಕಪ್ಪಣ್ಣ ಎದ್ದು ನಿಂತು ಕೈ ಮುಗಿದರು.

"ನೀವು ಹೋಗುದೇ ಒಳ್ಳೇದು ವಕೀಲ್ರೆ. ಭಾಷೆ ಮೆಲ್ಲ ಕಲಿಯಿರಿ. ನನ್ನ ಕೇಸು ಈಗಷ್ಟೇ ನಡೀಲಿಕ್ಕೆ ಸುರುವಾಗಿದೆ."