ಕುಕ್ಕರ್ ಕೂಗದ ಪಾಠ

"ನೋಡ್ತಿರು ಯಶೋಧಾ, ಆನ್‌ಲೈನ್ ಪಾಠ ಅಂದರೆ ಹೀಗಿರಬೇಕು ಅಂತ ಇಡೀ ಯೂನಿವರ್ಸಿಟಿ ನನ್ನ ಕಡೆ ಬೆರಳು ಮಾಡಿ ತೋರಿಸಬೇಕು. ಹಾಗೆ ಮಾಡದೇ ಹೋದರೆ ನಾನು ಬೆಟ್ಟಯ್ಯನ ಮಗ ನಾಗೇಂದ್ರನೇ ಅಲ್ಲ."

ಈ ಘನಘೋರ ಪ್ರತಿಜ್ಞೆ ನಡೆದದ್ದು ಸರಸ್ವತಿಪುರಂನ ಒಂದು ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಅಕ್ಕಿರೊಟ್ಟಿಯನ್ನು ಸಾಕ್ಷಿಗಿಟ್ಟುಕೊಂಡು. ಹೆಂಡತಿ ಯಶೋಧಾ ಕಾವಲಿಯಿಂದ ಕಣ್ಣೆತ್ತಲಿಲ್ಲ.

"ತೋರಿಸ್ಲಿ ಬುಡಿ. ಮುಂದಿನ ವರ್ಷ ಕೆಲಸ ಕೊಡ್ತಾರಂತಾ?" ಎಂದಳು.

ಅವಳು ಕೇಳಿದ್ದೇ ಅಸಲು ಪ್ರಶ್ನೆ. ನಾಗೇಂದ್ರ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಹೆಸರಿಗೇನೋ ಅತಿಥಿ. ಆದರೆ ಮನೆಗೆ ಬಂದ ಯಾವ ಅತಿಥಿಯನ್ನೂ ಹೊಸ್ತಿಲಲ್ಲೇ ನಿಲ್ಲಿಸಿ, 'ಒಳಗೆ ಬರಬೇಕೋ ಬೇಡವೋ ಆಮೇಲೆ ಹೇಳ್ತೀವಿ' ಅನ್ನುವವರನ್ನು ಈ ಮೈಸೂರು ಸೀಮೆಯಲ್ಲಿ ಎಲ್ಲೂ ಕಾಣಲಾರಿರಿ. ಇವನಿಗೆ ಮಾತ್ರ ಪ್ರತಿ ವರ್ಷ ಅದೇ ಉಪಚಾರ. ವರ್ಷ ಮುಗಿಯಿತೆಂದರೆ ಕೆಲಸವೂ ಮುಗಿಯಿತು. ಮುಂದಿನ ಪಟ್ಟಿಯಲ್ಲಿ ಹೆಸರು ಬಂದರೆ ಉಂಟು, ಇಲ್ಲವಾದರೆ ಇಲ್ಲ. ಕಾದು ಕಾದು ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಈ ಸಲ ವಿಭಾಗದ ಮುಖ್ಯಸ್ಥ ರಾಮಸ್ವಾಮಿಯವರು ಅವನನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಕಾಫಿ ತರಿಸಿ ಹೇಳಿದ್ದರು: "ಬೇರೆ ಬೇರೆ ಊರಿನ ಹುಡುಗರಿಗೆಲ್ಲ ಒಟ್ಟಿಗೆ ಒಂದು ಆನ್‌ಲೈನ್ ಪೇಪರ್ ಶುರು ಮಾಡ್ತಿದ್ದೀವಿ. ಅದನ್ನ ಪರಿಣಾಮಕಾರಿಯಾಗಿ ಮಾಡಿದವರನ್ನ ಯೂನಿವರ್ಸಿಟಿ ಯಾವತ್ತೂ ಬಿಟ್ಟುಕೊಡಲ್ಲ, ನಾಗೇಂದ್ರ ಅವ್ರೇ." ಬಾಗಿಲು ಹಾಕಿ ಕಾಫಿ ಕೊಟ್ಟವರನ್ನು ನಂಬದೆ ಇನ್ಯಾರನ್ನು ನಂಬುವುದು? ನಾಗೇಂದ್ರ ಆ ಕಾಫಿಯನ್ನು ತಳದ ಸಕ್ಕರೆಯ ಸಮೇತ ಕುಡಿದು ಬಂದಿದ್ದ.

ಮೊದಲ ಪಾಠ ನೇರಪ್ರಸಾರ. ಪರದೆಯ ತುಂಬ ಕಪ್ಪು ಚೌಕಗಳು. ಚೌಕಕ್ಕೊಂದು ಹೆಸರು. ಹೆಸರಿನ ಹಿಂದೆ ಮನುಷ್ಯರಿದ್ದಾರೆ ಎನ್ನುವುದು ಬರೀ ನಂಬಿಕೆ. ನಾಗೇಂದ್ರ ಬೇಡಿಕೆಯ ನಿಯಮವನ್ನು ಹಾಡಿ ಹೊಗಳಿ, ಕೊನೆಗೆ "ಅರ್ಥ ಆಯ್ತಾ?" ಎಂದ. ಉತ್ತರವಿಲ್ಲ. "ಯಾರಾದರೂ ಇದ್ದೀರಾ?" ಎಂದ. ಅದಕ್ಕೂ ಇಲ್ಲ. ಸರಿಯಾಗಿ ಆಗಲೇ ಒಳಗಿನಿಂದ ಕುಕ್ಕರ್ ಕೂಗಿತು. ಅಷ್ಟು ಹೊತ್ತು ಹೆಣದಂತೆ ಬಿದ್ದಿದ್ದ ತರಗತಿ ಎದ್ದು ಕೂತಿತು. "ಸಾರ್, ಎಷ್ಟನೇ ವಿಷಲ್?" ಎಂದು ಒಬ್ಬ ಬರೆದ. "ಸಾರ್, ಬೇಳೆ ಬೆಂದಿದೆ, ಇಳಿಸಿಬಿಡಿ" ಎಂದು ಒಬ್ಬಳು. ಇನ್ನೊಬ್ಬ ಮೊಬೈಲಿನಲ್ಲಿ ಹಿಡಿದಿಟ್ಟು ಊರಿಗೆಲ್ಲ ಹಂಚಿದ. ಮರುದಿನ ವಿಭಾಗದೊಳಗೆ ಕಾಲಿಟ್ಟ ಕೂಡಲೇ, ಇವನ ಹಾಗೇ ಅತಿಥಿಯಾಗಿದ್ದ ಸಿದ್ದರಾಜು ಮೇಜಿನ ಹಿಂದಿನಿಂದ "ಉಸ್ಸ್ಸ್" ಎಂದು ಉದ್ದಕ್ಕೆ ಆವಿ ಬಿಟ್ಟ.

ರಾಮಸ್ವಾಮಿಯವರು ಮಾತ್ರ ನಗಲಿಲ್ಲ. "ಲೈವ್ ಬೇಡ. ಮನೇಲಿ ರೆಕಾರ್ಡ್ ಮಾಡಿ ಕೊಟ್ಟುಬಿಡಿ. ಸಿದ್ದರಾಜುಗೂ ಅದನ್ನೇ ಹೇಳಿದ್ದೀನಿ. ಒಂದು ವಿಷಯ, ತಾರೀಖು ಹೇಳಬೇಡಿ, ಹಬ್ಬಹರಿದಿನ ಹೇಳಬೇಡಿ, 'ನಿನ್ನೆ ಹೇಳಿದ ಹಾಗೆ' ಅನ್ನಬೇಡಿ. ಯಾವತ್ತು ನೋಡಿದರೂ ಇವತ್ತೇ ಮಾಡಿದ ಪಾಠ ಅನ್ನಿಸಬೇಕು."

ನಾಗೇಂದ್ರ ಮನೆಗೆ ಬಂದು ಇದನ್ನು ದೊಡ್ಡ ಬಿರುದಿನ ಹಾಗೆ ಹೇಳಿಕೊಂಡ. ಯಶೋಧಾ ಹೊಲಿಗೆ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಯಾವತ್ತು ನೋಡಿದ್ರೂ ಅಂದ್ರೆ? ಮುಂದಿನ ವರ್ಷನೂವಾ?"

"ಮುಂದಿನ ವರ್ಷ ಏನು ಬಂತು, ಹತ್ತು ವರ್ಷ ಬಿಟ್ಟು ನೋಡಿದ್ರೂ ಹೊಸದಾಗೇ ಇರುತ್ತೆ."

"ಅವಾಗ ನೀವೇನು ಮಾಡ್ತಿರ್ತೀರಿ?"

"ನಿನಗೆ ಇದೆಲ್ಲ ಗೊತ್ತಾಗಲ್ಲ" ಎಂದು ನಾಗೇಂದ್ರ ಒಳಗೆ ಹೋದ. ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನಿಗೆ ಗೊತ್ತಾಗದ್ದು ರವಿಕೆ ಹೊಲಿಯುವವಳಿಗೆ ಗೊತ್ತಾಗುವುದುಂಟೇ.

ಮರುದಿನದಿಂದ ಮನೆಯಲ್ಲಿ ನಿಷೇಧಾಜ್ಞೆ ಜಾರಿಗೆ ಬಂತು. ಮೊದಲ ಆರೋಪಿ ಕುಕ್ಕರ್. ಅದನ್ನು ಅಟ್ಟಕ್ಕೆ ಗಡೀಪಾರು ಮಾಡಲಾಯಿತು. ಮಿಕ್ಸಿ ಬಂದ್. ಸಾಸಿವೆ ಸಿಡಿಯುತ್ತದೆಂದು ಒಗ್ಗರಣೆ ಬಂದ್. ಫ್ಯಾನ್ ಗೊರಗೊರ ಅನ್ನುತ್ತದೆಂದು ಫ್ಯಾನೂ ಬಂದ್. ಟಿಕ್ ಟಿಕ್ ಎನ್ನುವ ಗೋಡೆ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಹೂಳಲಾಯಿತು. ಅನ್ನಕ್ಕೆ ಅಕ್ಕಿ ತೆಗೆಯುವಾಗಲೇ ಆ ಮನೆಯವರಿಗೆ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿತ್ತು. ಕಿಟಕಿಗಳಿಗೆ ಕಂಬಳಿ ಹೊದಿಸಿ ಆ ಕತ್ತಲೆಯ ಸೆಕೆಯಲ್ಲಿ, ಕುತ್ತಿಗೆಗೆ ಟೈ ಬಿಗಿದುಕೊಂಡು, ನಾಗೇಂದ್ರ ಬೆವರುತ್ತ ಜ್ಞಾನ ಹಂಚತೊಡಗಿದ.

ಹೊಲಿಗೆ ಮಿಷನ್ನಿಗೆ ಆ ಮನೆಯಲ್ಲಿ ಜಾಗವೇ ಇಲ್ಲದಂತಾಯಿತು. ಯಶೋಧಾ ಅದನ್ನು ಹೊತ್ತು ತಾರಸಿಗೆ ಸಾಗಿಸಿ, ನೀರಿನ ಟ್ಯಾಂಕಿನ ನೆರಳಲ್ಲಿ ಇಟ್ಟುಕೊಂಡಳು. ನೆರಳು ಸರಿದ ಹಾಗೆಲ್ಲ ಮಿಷನ್ನನ್ನೂ ಸರಿಸುತ್ತ, ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿಗೆ ಅರ್ಧ ಪ್ರದಕ್ಷಿಣೆ ಮುಗಿಸಿರುತ್ತಿದ್ದಳು. ಗಾಳಿಗೆ ಬಟ್ಟೆ ಹಾರುತ್ತಿತ್ತು. ತಾರಸಿ ಹತ್ತಲಾರದ ಗಿರಾಕಿಗಳು ಬಾಗಿಲಲ್ಲೇ ನಿಂತು ಕೂಗುವಂತಿರಲಿಲ್ಲ, ಬೆಲ್ ಒತ್ತೋಣವೆಂದರೆ ಅದರ ತಂತಿಯನ್ನು ನಾಗೇಂದ್ರ ಕಿತ್ತುಹಾಕಿದ್ದ. ಪಕ್ಕದ ಬೀದಿಯ ಸುಷ್ಮಾ ಹತ್ತಾರು ಹೆಂಗಸರನ್ನು ಯಶೋಧಾಳ ಬಳಿಗೆ ಕರೆತಂದಿದ್ದವಳು. ಮಗಳ ಮದುವೆಯ ರವಿಕೆಗಳನ್ನು ಹೊಲಿಯಲು ಕೊಟ್ಟಿದ್ದ ಅವಳು, ಒಂದು ದಿನ ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಬಟ್ಟೆ ವಾಪಸ್ ಕೇಳಿದಳು. ಯಶೋಧಾ ಓಡಿಬಂದು ಪಾಠದ ಕೋಣೆಯ ಬಾಗಿಲು ತೆರೆದಳು.

"ರೀ, ಸುಷ್ಮಾ ಬಟ್ಟೆ ವಾಪಸ್ ತಗೊಂಡು ಹೋಯ್ತಾವ್ರೆ. ನೀವೊಂದು ಮಾತು ಹೇಳಿ, ನಾಳೆಯಿಂದ ಕೆಳಗೇ ಹೊಲೀತಾಳೆ ಅಂತ."

ನಾಗೇಂದ್ರ ತುಟಿಯ ಮೇಲೆ ಬೆರಳಿಟ್ಟ. "ಶ್. ಪಾಠ ನಡೀತಾ ಇದೆ. ಏನಾದರೂ ಹೇಳೋದಿದ್ರೆ ಮುಗಿದ ಮೇಲೆ ಬಾ."

ಪಾಠ ಮುಗಿಯುವ ಹೊತ್ತಿಗೆ ಸುಷ್ಮಾ, ಮದುವೆ ರವಿಕೆಗಳು, ಆಕೆ ಕರೆತಂದಿದ್ದ ಹೆಂಗಸರು ಎಲ್ಲರೂ ಬೇರೆ ಟೈಲರಿನ ಪಾಲಾಗಿದ್ದರು. ಯಶೋಧಾ ಜಗಳವಾಡಲಿಲ್ಲ. ಜಗಳಕ್ಕೂ ಆ ಮನೆಯಲ್ಲಿ ಅನುಮತಿ ಇರಲಿಲ್ಲ.

ಆದರೂ ಪಾಠದಲ್ಲಿ ಏನೋ ಕೊರತೆ. ಗೋಡೆಗೆ ಮಾತಾಡಿದ ಹಾಗಿರುತ್ತಿತ್ತು. ಎದುರಿಗೆ ಒಂದು ಜೀವ ಇದ್ದರೆ ಕಣ್ಣಿನಲ್ಲಿ ಕಳೆ ಬರುತ್ತದೆಂದು ನಾಗೇಂದ್ರನಿಗೆ ಹೊಳೆಯಿತು. ಮನೆಯಲ್ಲಿ ಬಿಡುವಾಗಿದ್ದ ಜೀವವೆಂದರೆ ತಾಯಿ ಸಿದ್ದಲಿಂಗಮ್ಮ. ಆಕೆಯನ್ನು ಲ್ಯಾಪ್‌ಟಾಪಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, "ಅವ್ವಾ, ನೀನು ಮಾತಾಡಬಾರದು, ಬರೀ ತಲೆ ಆಡಿಸಬೇಕು" ಎಂದ. ಸಿದ್ದಲಿಂಗಮ್ಮ ಬಲು ನಿಷ್ಠೆಯ ವಿದ್ಯಾರ್ಥಿನಿ. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಹೊತ್ತಿಗೆ ಮುಂಚೆ ಬಂದು ಕೂರುವಳು. ತಲೆ ಆಡಿಸುವಳು. ಆಡಿಸುತ್ತ ಆಡಿಸುತ್ತ ತೂಕಡಿಸುವಳು. ಎಚ್ಚರವಾದಾಗ ತಪ್ಪಿತಸ್ಥಳಂತೆ ಇನ್ನೂ ಜೋರಾಗಿ ಆಡಿಸುವಳು. ನಾಗೇಂದ್ರನಿಗೆ ಬೇಕಾದ್ದೂ ಅಷ್ಟೇ. ಒಂದು ಚಿಕ್ಕ ತೊಂದರೆಯೆಂದರೆ ಆಕೆ ಬಾಯಿ ಕಟ್ಟಿಕೊಂಡಿರಲಾರಳು.

ಯಂತ್ರಗಳು ಬಂದಾಗ ಕೂಲಿಕಾರರ ಗತಿ ಏನಾಗುತ್ತದೆಂಬ ಪಾಠದ ದಿನ. ನಾಗೇಂದ್ರ ಸೊಗಸಾಗಿ ಪೀಠಿಕೆ ಹಾಕಿ, "ಇದಕ್ಕೊಂದು ಉದಾಹರಣೆ ಕೊಡಬಹುದೇ?" ಎಂದು ಕ್ಯಾಮೆರಾ ನೋಡಿ ಕೇಳಿದ. ಲ್ಯಾಪ್‌ಟಾಪಿನ ಹಿಂದಿನಿಂದ ಉತ್ತರ ಬಂತು.

"ನಮ್ಮೂರ್ಗೆ ಮೊದಲ್ನೇ ಸಲ ಬತ್ತ ಕುಯ್ಯೋ ಮಿಷನ್ ಬಂತು ಕಣ್ಮಗ. ನಿಮ್ಮಪ್ಪ ಹೊಸಾ ಅಂಗಿ ಇಕ್ಕಂಡು, ಅದರ ಪಕ್ಕ ನಿಂತ್ಕಂಡು ಫೋಟೊ ಹೊಡೆಸ್ಕಂಡ."

"ಅವ್ವಾ, ಮಾತಾಡಬೇಡ ಅಂದಿದ್ದೆ." ಆದರೆ ಕುತೂಹಲ ತಡೆಯಲಿಲ್ಲ. "ಆಮೇಲೆ?"

"ಆಮೇಲೇನು, ಕುಯ್ಲಿಗೆ ನಿಮ್ಮಪ್ಪನ್ನ ಯಾರೂ ಕರೀನಿಲ್ಲ. ಫೋಟೊ ಮಾತ್ರ ಚೆಂದಾಗಿ ಬಂದಿತ್ತು."

ನಾಗೇಂದ್ರ ಹೊಟ್ಟೆ ಹಿಡಿದು ನಕ್ಕ. ನಕ್ಕು, ಅಷ್ಟನ್ನೂ ಅಳಿಸಿ, ಪಾಠವನ್ನು ಮೊದಲಿನಿಂದ ಶುರು ಮಾಡಿದ. ಮನೆಮಾತು ಪಾಠದೊಳಗೆ ನುಸುಳಬಾರದಲ್ಲ. ಹಾಗೆ ಅಳಿಸಿದ್ದು ಅದೊಂದೇ ಅಲ್ಲ. ದಸರೆಯ ಹೊತ್ತಿನಲ್ಲಿ ಬಾಯಿತಪ್ಪಿ "ನಾಳೆ ಜಂಬೂಸವಾರಿ, ಎಲ್ಲರೂ ನೋಡಿ" ಎಂದುಬಿಟ್ಟಿದ್ದ. ಅದಕ್ಕಾಗಿ ಇಡೀ ಪಾಠವನ್ನು ಮತ್ತೆ ಮಾಡಿದ. ಊರಿನವರೆಲ್ಲ ಆನೆ ನೋಡಲು ಹೋದ ಆ ದಿನ ಅವನು ಕಂಬಳಿಯ ಹಿಂದೆ ಕೂತು, ಆನೆಯಿಲ್ಲದ, ಹಬ್ಬವಿಲ್ಲದ, ಮಳೆಬಿಸಿಲಿಲ್ಲದ, ಯಾವ ಊರಿನದೂ ಯಾವ ಕಾಲದ್ದೂ ಅಲ್ಲದ ಒಂದು ಪಾಠವನ್ನು ಸಿದ್ಧಪಡಿಸಿದ. ಕೆಮ್ಮು ಬಂದರೆ ನುಂಗಿದ. ಸೊಪ್ಪಿನವಳು ಕೂಗಿದರೆ ಅವಳು ಬೀದಿ ದಾಟುವವರೆಗೆ ಉಸಿರು ಹಿಡಿದು ಕೂತ. ಹೀಗೆ ತನ್ನ ಉಸಿರಿನ ಸದ್ದು ಕೂಡ ಬೀಳದ ಹಾಗೆ ಪಾಠಗಳೆಲ್ಲ ಮುಗಿದವು.

ಪಾಠಗಳು ಗೆದ್ದವು. ಹುಡುಗರು ಪಾಸಾದರು. ರಾಮಸ್ವಾಮಿಯವರು ವಿಭಾಗದಲ್ಲಿ ಸಣ್ಣದೊಂದು ಸಮಾರಂಭ ಮಾಡಿ ನಾಗೇಂದ್ರನ ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿದರು. ಗೋಡೆಯ ಪರದೆಯ ಮೇಲೆ ಅವನದೇ ಪಾಠವನ್ನು ನಿಲ್ಲಿಸಿ, ಆ ದೊಡ್ಡ ಮುಖದ ಪಕ್ಕದಲ್ಲಿ ಅವನನ್ನು ನಿಲ್ಲಿಸಿ ಫೋಟೊ ತೆಗೆಸಿದರು. ಅಂದು ಅವನು ಹೊಸ ಅಂಗಿ ಹಾಕಿದ್ದ. ಮನೆಯಲ್ಲಿ ಸಿದ್ದಲಿಂಗಮ್ಮ ಆ ಫೋಟೊವನ್ನು ಕಣ್ಣ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು.

"ಥೇಟ್ ನಿಮ್ಮಪ್ಪನಂಗೇ ಕಾಣ್ತೀಯ ಕಣ್ಮಗ" ಎಂದಳು. ನಾಗೇಂದ್ರನಿಗೆ ಹೆಮ್ಮೆಯಾಯಿತು.

ಹೊಸ ವರ್ಷದ ಪಟ್ಟಿ ಬಂತು. ನಾಗೇಂದ್ರ ಮೇಲಿನಿಂದ ಕೆಳಗೆ ನೋಡಿದ, ಕೆಳಗಿನಿಂದ ಮೇಲೆ ನೋಡಿದ. ಸಿದ್ದರಾಜು ಇದ್ದ. ಇವನು ಇರಲಿಲ್ಲ. ಬೆರಳಚ್ಚಿನ ತಪ್ಪಿರಬೇಕೆಂದು ನಗುಮುಖದಲ್ಲೇ ರಾಮಸ್ವಾಮಿಯವರ ಕೋಣೆಗೆ ಹೋದ. ಈ ಸಲ ಬಾಗಿಲು ತೆರೆದೇ ಇತ್ತು, ಕಾಫಿ ಬರಲಿಲ್ಲ.

"ಸಾರ್, ನನ್ನ ಹೆಸರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ನಾಗೇಂದ್ರ ಅವ್ರೇ. ನಿಮ್ಮ ಪಾಠ ಇದೆಯಲ್ಲ, ಅದನ್ನೇ ಹಾಕ್ತೀವಿ. ಏನು ಅಚ್ಚುಕಟ್ಟು ಅಂತೀರಿ. ಒಂದು ಕೆಮ್ಮಿಲ್ಲ, ಒಂದು ತಾರೀಖಿಲ್ಲ. ಇನ್ನು ಹತ್ತು ವರ್ಷ ಯೋಚನೆಯಿಲ್ಲ."

"ನಾನು?"

"ನೀವು ನಮ್ಮಲ್ಲೇ ಇದ್ದೀರಲ್ಲ. ನಿಮ್ಮನ್ನ ಬಿಟ್ಟುಕೊಡಲ್ಲ ಅಂತ ಅವತ್ತೇ ಹೇಳಿರಲಿಲ್ವಾ?"

"ಹುಡುಗರು ಡೌಟ್ ಕೇಳಿದರೆ, ಸಾರ್?"

"ಅಷ್ಟು ಬಿಡಿಸಿ ಬಿಡಿಸಿ ಹೇಳಿದ್ದೀರಿ, ಇನ್ನೆಲ್ಲಿಂದ ಡೌಟ್ ಬರಬೇಕು?"

"ಸಿದ್ದರಾಜು ಕೂಡ ರೆಕಾರ್ಡ್ ಮಾಡಿದ್ದರಲ್ಲ, ಸಾರ್. ಅವರ ಹೆಸರಿದೆ."

ರಾಮಸ್ವಾಮಿಯವರು ಹಣೆ ಚಚ್ಚಿಕೊಂಡರು. "ಅದರ ಕಥೆ ಕೇಳಬೇಡಿ. ಪಾಠದ ತುಂಬ ನಾಯಿ ಬೊಗಳುತ್ತೆ. ಮಧ್ಯದಲ್ಲಿ ಗ್ಯಾಸಿನವನು ಬರ್ತಾನೆ. ಪಾಠಕ್ಕೊಂದು ಹಬ್ಬ ಬರುತ್ತೆ, 'ನಾಳೆ ಸಂಕ್ರಾಂತಿ, ರಜಾ' ಅಂತಾರೆ. ಹಾಕೋದಕ್ಕೇ ಬರಲ್ಲ. ವಿಧಿಯಿಲ್ಲದೆ ಅವರನ್ನೇ ಮತ್ತೆ ಕರೆಸಬೇಕಾಯ್ತು."

ಬಾಗಿಲಲ್ಲಿ ಸಿದ್ದರಾಜು ಎದುರಾದ. ಈ ಸಲ ಆವಿ ಬಿಡಲಿಲ್ಲ, ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಅವನು ಗೇಲಿ ಮಾಡಿದ್ದರೆ ನಾಗೇಂದ್ರನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮನೆಗೆ ಬಂದು ನಾಗೇಂದ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಯಶೋಧಾ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿಸಿಕೊಂಡಳು. 'ನಾನು ಅವತ್ತೇ ಕೇಳಲಿಲ್ವಾ' ಎಂದು ಹೇಳುವ ಹಕ್ಕು ಅವಳಿಗಿತ್ತು. ಹೇಳಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಅವನ ಕೆಲಸಕ್ಕೆಂದು ಅವಳು ತನ್ನ ಕೆಲಸವನ್ನು ಬಿಸಿಲಿಗೆ ಹಾಕಿದ್ದಳು. ಈಗ ಎರಡೂ ಹೋಗಿದ್ದವು.

ಅವಳು ಸುಮ್ಮನೆ ಸ್ಟೂಲು ಎಳೆದು, ಹತ್ತಿ, ಅಟ್ಟದಿಂದ ಕುಕ್ಕರನ್ನು ಇಳಿಸಿದಳು. ಧೂಳು ಒರೆಸಿದಳು. ಬೇಳೆ ತೊಳೆದು ಹಾಕಿ ಒಲೆಯ ಮೇಲಿಟ್ಟಳು.

"ರೆಕಾರ್ಡಲ್ಲಿ ಇದೊಂದು ಸಲ ಕೂಗಿದ್ದಿದ್ರೆ ಸಾಕಿತ್ತು ಕಣ್ರೀ" ಎಂದಳು, ಗೋಡೆಯ ಕಡೆ ನೋಡುತ್ತ.

ನಾಗೇಂದ್ರ ಪಾಠದ ಕೋಣೆಗೆ ಬಂದ. ಅಲ್ಲಿ ಯಾರದೋ ಮಾತು ಕೇಳುತ್ತಿತ್ತು. ನಿಧಾನವಾದ, ಸ್ಪಷ್ಟವಾದ, ಸಂತೃಪ್ತವಾದ ದನಿ. ಸಿದ್ದಲಿಂಗಮ್ಮ ಎಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆ ಬಾಚಿ ಕೂತಿದ್ದಳು. ಪಾಠಗಳು ಮುಗಿದ ಮೇಲೆ ಆಕೆಗೆ ಹೊತ್ತೇ ಹೋಗುತ್ತಿರಲಿಲ್ಲವಾಗಿ, ಸೊಸೆ ತನ್ನ ಮೊಬೈಲಿನಲ್ಲಿ ಅವನ್ನೇ ಹಾಕಿಕೊಟ್ಟಿದ್ದಳು. ಟೈ ಕಟ್ಟಿದ ನಾಗೇಂದ್ರ ಯಂತ್ರಗಳ ಬಗ್ಗೆ ಹೇಳುತ್ತಿದ್ದ. ಸಿದ್ದಲಿಂಗಮ್ಮ ತಲೆ ಆಡಿಸುತ್ತಿದ್ದಳು.

ಎದುರಿಗೆ ನಿಂತ ನಾಗೇಂದ್ರನಿಗೆ ಚಿಕ್ಕವನಂತೆ ಆಕೆಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತುಬಿಡಬೇಕೆನ್ನಿಸಿತು. ನೆಲದ ಮೇಲೆ ಕೂತು ಆಕೆಯ ಮೊಣಕಾಲ ಮೇಲೆ ಕೈಯಿಟ್ಟ.

"ಅವ್ವಾ, ನನ್ನ ಕೆಲಸ..."

ಸಿದ್ದಲಿಂಗಮ್ಮ ಪರದೆಯಿಂದ ಕಣ್ಣು ತೆಗೆಯದೆ, ತುಟಿಯ ಮೇಲೆ ಬೆರಳಿಟ್ಟಳು.

"ಶ್. ನನ್ನ ಮಗ ಪಾಠ ಮಾಡ್ತಾವ್ನೆ. ಏನಾರ ಹೇಳೋದಿದ್ರೆ ಮುಗುದ್ಮೇಲೆ ಬಾ."